ನಾಯಿಗೆ ಮಾತ್ರ ಹೇಳಿದ್ದು

೧. ನಾಯಿಯಿಂದ ಶುರು ಮಾಡಲೋ ಜಗಳದಿಂದಲೋ ಗೊತ್ತಾಗದೆ ಎರಡು ಹಾಳೆ ಹರಿದೆ. ಜಗಳದಿಂದಲೇ ಆಗಲಿ. ವೆಲ್ಡರ್ ಮತ್ತು ಅವನ ಹೆಂಡತಿ ಮಾತು ಬಿಟ್ಟು ತಿಂಗಳುಗಳಾಗಿವೆ. (ಕಾರಣ ಕೇಳಬೇಡಿ. ಅವರಿಗೇ ಮರೆತಿದೆ.) ಹೇಳುವುದನ್ನೆಲ್ಲ ನಾಯಿಗೆ ಹೇಳುತ್ತಾರೆ.

"ದೊರೆ, ಊಟಕ್ಕೆ ಬರೋದಾದ್ರೆ ಬರ್ಲಿ ಅಂತ ಹೇಳು."

"ದೊರೆ, ಹಸಿವಿಲ್ಲ ಅನ್ನು."

ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುವವನು ಆ ಮನೆಯಲ್ಲಿ ದೊರೆಯೊಬ್ಬನೇ.

೨. ಹೆಂಡತಿ ಫ್ರಿಜ್ ಹಿಂದೆ ಇಲಿ ಪಾಷಾಣದ ಬಿಲ್ಲೆಗಳನ್ನಿಟ್ಟು ಹಲಗೆ ಅಡ್ಡ ಇಟ್ಟಳು. "ಪಾಷಾಣ ಇದೆ, ಹಲಗೆ ತೆಗೀಬೇಡಿ ಅಂತ ಹೇಳು" ಎಂದು ಎಚ್ಚರಿಸಿದಳು. ನಾಯಿಗೆ. ವೆಲ್ಡರ್ ಆಗ ಬಚ್ಚಲಲ್ಲಿದ್ದ. ಮರುದಿನ ಕೆಲಸಕ್ಕೆ ಹಲಗೆ ಬೇಕಾಗಿ ಎಳೆದುಕೊಂಡು ಹೋದ. ಫ್ರಿಜ್ ಹಿಂದಿನ ಬಿಲ್ಲೆಗಳಿಗೆ ದೊರೆ ಬಾಯಿ ಹಾಕಿದ.

೩. (ಮೊದಲ ಡ್ರಾಫ್ಟಿನಲ್ಲಿ ವೆಲ್ಡರ್ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಿದ್ದ. ಒಳ್ಳೆ ಸೀನು. ಅವನ ಹೆಂಡತಿ ನನಗೆ ಅಡ್ಡ ಬಂದಳು.

"ಅದು ತಪ್ಪು ಅಂತ ಡಾಕ್ಟ್ರು ಫೋನಲ್ಲೇ ಹೇಳಿದ್ರು. ಇದನ್ನ ಓದಿ ಯಾರಾದ್ರೂ ಹಾಗೇ ಮಾಡಿದ್ರೆ, ಅವರ ನಾಯಿ ಹೂಳೋಕೆ ನೀವು ಹೋಗ್ತೀರಾ?"

ಆ ಸೀನು ಹೊಡೆದು ಹಾಕಿದೆ.) ಡಾಕ್ಟರು ಹೇಳಿದ್ದಿಷ್ಟು: ಮನೆಮದ್ದು ಬೇಡ, ನಾಯಿ ಚೆನ್ನಾಗಿ ಕಂಡರೂ ಕಾಯಬೇಡಿ, ಪಾಷಾಣದ ಪೊಟ್ಟಣದ ಸಮೇತ ಈಗಲೇ ಬನ್ನಿ.

೪. ಕ್ಲಿನಿಕ್ಕಿನಲ್ಲಿ ಡಾಕ್ಟರು ಕೇಳಿದರು: "ಎಷ್ಟು ತಿಂದಿದೆ?"

"ಎಷ್ಟಿಟ್ಟಿದ್ಲು ಅಂತ ಕೇಳಿ ಡಾಕ್ಟ್ರೇ."

"ನಾಲ್ಕು. ಎಷ್ಟು ಉಳಿದಿತ್ತು ಅಂತ ಅವ್ರನ್ನ ಕೇಳಿ. ಹಲಗೆ ತೆಗೀಬೇಡಿ ಅಂತ ನಾಯಿ ಹತ್ರ ಹೇಳಿ ಕಳಿಸಿದ್ದೆ."

"ನಾಯಿ ಹತ್ರ?" ಡಾಕ್ಟರು ಸಿರಿಂಜು ಕೆಳಗಿಟ್ಟರು. "ಈಗ ನಾನು ನಿಮ್ಮ ನಾಯೀನಾ? ನೀವಿಬ್ಬರೂ ಮಾತಾಡ್ಕೊಳ್ಳಿ. ಬೇಗ."

ವೆಲ್ಡರ್ ಗೋಡೆ ನೋಡಿದ, ಮೇಜಿನ ಮೇಲೆ ಮಲಗಿದ್ದ ದೊರೆಯನ್ನು ನೋಡಿದ. "ಒಂದೇ ಉಳಿದಿತ್ತು ಕಣೇ" ಎಂದ.

೬. (ಐದನೆಯದನ್ನು ಹರಿದೆ. ಅದರಲ್ಲಿ ನಾಯಿ ಸಾಯುತ್ತಿತ್ತು, ಗಂಡ ಹೆಂಡತಿ ತಬ್ಬಿಕೊಂಡು ಅಳುತ್ತಿದ್ದರು. "ನಾವು ಒಂದಾಗೋಕೆ ಅದು ಸಾಯ್ಬೇಕಾ? ಥೂ" ಎಂದ ವೆಲ್ಡರ್. ಹಾಗಾದರೆ ನಾಯಿ ಹುಷಾರಾಗಲಿ, ನೀವು ಮತ್ತೆ ಮಾತು ಬಿಡಿ ಎಂದೆ. ಹೆಂಡತಿ ಅದಕ್ಕೂ ಒಪ್ಪಲಿಲ್ಲ. ಇವರಿಗೆ ಎಂಡಿಂಗ್ ಹೊಂದಿಸುವಷ್ಟರಲ್ಲಿ ನನಗೇ ಪಾಷಾಣ ಬೇಕಾಗುತ್ತದೆ.)

ಡಾಕ್ಟರು ಮಾತ್ರೆ ಕೊಟ್ಟರು. "ಈ ಪಾಷಾಣದಿಂದ ರಕ್ತಸ್ರಾವ ಕೆಲವು ದಿನ ಬಿಟ್ಟೂ ಶುರುವಾಗಬಹುದು. ವಾರಗಟ್ಟಲೆ ಕೊಡ್ಬೇಕು, ತಪ್ಪಿಸ್ಬೇಡಿ. ಕೊಟ್ರೋ ಇಲ್ವೋ ಒಬ್ಬರಿಗೊಬ್ಬರು ಹೇಳಿ. ನಾಯಿ ಹೇಳಲ್ಲ."

ಮರುದಿನ ಬೆಳಿಗ್ಗೆ ಹೆಂಡತಿ ಒಲೆಯ ಮುಂದೆ ನಿಂತೇ ಕೇಳಿದಳು:

"ಮಾತ್ರೆ ಕೊಟ್ರಾ?"

ದೊರೆ ತಲೆಯೆತ್ತಿದ.

"ನಿನ್ನನ್ನಲ್ಲ ಕಣೋ" ಎಂದಳು.

ದೊರೆ ಉಳಿದನೇ ಎಂದು ನೀವು ಕೇಳುತ್ತೀರಿ. ಮಾತ್ರೆಯೇ ಇನ್ನೂ ಮುಗಿದಿಲ್ಲ. ನಾನು ಹೇಗೆ ಮುಗಿಸಲಿ?