ಕಟ್ ಹೇಳುವ ತನಕ ಏಳಬಾರದು

ಇಚಿಲಂಪಾಡಿಯ ಮೇಲೆ ಬಾಂಬ್ ಹಾಕುವಷ್ಟು ತಲೆಕೆಟ್ಟ ದೇಶ ಯಾವುದೂ ಇಲ್ಲ. ಆದರೂ ದರ್ಬೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ವಿಡಿಯೋ ಮಾಡುವ ಶ್ರೀಶನಿಗೆ ಯುದ್ಧದ ಸಿನೆಮಾ ತೆಗೆಯುವ ಹುಚ್ಚು ಹಿಡಿಯಿತು. ಕಥೆ ಚಿಕ್ಕದು. ವಿಮಾನದವನೊಬ್ಬ ಮದುವೆ ಚಪ್ಪರವನ್ನು ಶತ್ರುಗಳ ಡೇರೆ ಎಂದುಕೊಂಡು ಬಾಂಬ್ ಹಾಕುತ್ತಾನೆ, ಮದುವೆಗೆ ಬಂದವರೆಲ್ಲ ಸಾಯುತ್ತಾರೆ. ಸಾಯಲು ಜನ ಬೇಕು ಎಂದದ್ದೇ ತಡ, ನಮ್ಮೂರಿನವರು ನಾ ಮುಂದು ತಾ ಮುಂದು ಎಂದು ಬಂದರು. ನಾನೂ ಹೋದೆ.

ಅಂಗಳ ಯಜ್ಞೇಶ್ವರ ಭಟ್ಟರದ್ದು. ವಧುವಿನ ತಂದೆಯ ಪಾತ್ರವೂ ಅವರದ್ದೇ. ಅವರಿಗೂ ನನ್ನ ಗಂಡ ಬೆಳ್ಯಪ್ಪ ಗೌಡರಿಗೂ ದಾರಿ ತಕರಾರು. ನಮ್ಮ ಮನೆಗೆ ಜೀಪು ಬರಬೇಕಾದರೆ ಭಟ್ಟರ ಬೇಲಿ ಸರಿಯಬೇಕು. ಅವರು ಸರಿಸುವುದಿಲ್ಲ, ಇವರು ಬೈಯುವುದು ಬಿಡುವುದಿಲ್ಲ. ಒಮ್ಮೆ ಇವರು ಆನೆ ಕಾವಲಿನ ವಾಟ್ಸಾಪ್ ಗ್ರೂಪಿನಲ್ಲೇ ಭಟ್ಟರ ಸತ್ತುಹೋದ ಅಪ್ಪನನ್ನು ಎಳೆದು ತಂದರು. ಗ್ರೂಪಿನ ಅಡ್ಮಿನ್ ಭಟ್ಟರೇ. ಇವರನ್ನು ಕಿತ್ತು ಹೊರಗೆ ಹಾಕಿದರು. ನಾನೂ ಭಟ್ಟರ ಹೆಂಡತಿ ವಾಸಂತಿಯಕ್ಕನೂ ಬೇಲಿಯ ಆಚೀಚೆ ನಿಂತು ಈ ಮಕ್ಕಳಾಟಕ್ಕೆ ನಗುತ್ತಿದ್ದೆವು.

ಶ್ರೀಶ ಕಥೆ ಓದಿ ಹೇಳಿದ ದಿನ ವಾಸಂತಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ವಿಮಾನದವನನ್ನು ನೇಣಿಗೆ ಹಾಕ್ಬೇಕು," ಎಂದರು.

"ಬೇಕೂಂತ ಮಾಡಿದ್ದಲ್ಲ ಮಾರಾಯ್ತಿ," ಎಂದರು ಭಟ್ಟರು. "ದೂರದಿಂದ ನೋಡಿದವನಿಗೆ ಎಂತ ಗೊತ್ತಾಗ್ತದೆ? ಪಾಪ, ಅವನಿಗೂ ಇನ್ನು ನಿದ್ದೆ ಉಂಟಾ?"

ಬಾಂಬಿನ ಸದ್ದಿಗೆಂದು ಶ್ರೀಶ ಗರ್ನಾಲ್ ಪಟಾಕಿ ತಂದಿದ್ದ. ನಮ್ಮಲ್ಲಿ ಗರ್ನಾಲ್ ಸಿಡಿಸುವುದು ಆನೆ ಓಡಿಸಲು. ಬೆನ್ನುಬೆನ್ನಿಗೆ ಮೂರು ಸಿಡಿದರೆ ತೋಟಕ್ಕೆ ಆನೆ ನುಗ್ಗಿದೆ ಎಂದರ್ಥ, ಕೋವಿ ಇದ್ದವರು ಓಡಿ ಬರಬೇಕು. ಅದಕ್ಕೇ ಭಟ್ಟರು ಬೆಳಿಗ್ಗೆ ಗ್ರೂಪಿನಲ್ಲಿ, ಇವತ್ತಿನ ಗರ್ನಾಲ್ ಸಿನೆಮಾದ್ದು, ಯಾರೂ ಬರುವುದು ಬೇಡ ಎಂದು ಹಾಕಿದ್ದರು. ಗ್ರೂಪಿನಲ್ಲಿಲ್ಲದ ನನ್ನ ಗಂಡ ಗುಂಡ್ಯದಲ್ಲಿರುವ ನನ್ನ ಅಣ್ಣನ ಮನೆಗೆ ಹೋಗಿದ್ದರು, ಮರುದಿನ ಬರುವವರು. ಭಟ್ಟರ ಅಂಗಳದ ಸಿನೆಮಾದ ಮಾತು ನಾನು ಇವರ ಹತ್ತಿರ ಎತ್ತಿರಲಿಲ್ಲ. ಒಂದು ದಿನ ಮೊದಲೇ ಬಸ್ಸು ಹತ್ತುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು?

ಕಳೆದ ವರ್ಷ ಆನೆ ಇವರ ತಮ್ಮನನ್ನು ರಬ್ಬರ್ ತೋಟದಲ್ಲಿ ತುಳಿದಿತ್ತು. ಉಳಿದದ್ದನ್ನು ಗೋಣಿಯಲ್ಲಿ ತುಂಬಿಸಿ ತಂದವರು ಇವರೇ. "ಇನ್ನು ನನ್ನ ಕೋವಿ ಆಕಾಶಕ್ಕೆ ಹೊಡೆಯುದಿಲ್ಲ," ಎಂದು ಅಂದೇ ಹೇಳಿದ್ದರು.

ಮಧ್ಯಾಹ್ನ ನಮ್ಮ ಮೈಗೆಲ್ಲ ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿದ ರಕ್ತ ಮೆತ್ತಿದರು. ಇರುವೆಗಳಿಗೆ ಹಬ್ಬ. ಶ್ರೀಶನ ಕಟ್ಟಪ್ಪಣೆ ಒಂದೇ: "ಬಿದ್ದವರು ನಾನು ಕಟ್ ಹೇಳುವ ತನಕ ಏಳುದಿಲ್ಲ. ಯಾರಿಗೆ ಎಂತ ಆದ್ರೂ."

ಮೂರು ಗರ್ನಾಲ್ ಸಿಡಿದವು. ಹಸಿ ಸೋಗೆಗೆ ಬೆಂಕಿ ಹಚ್ಚಿದ್ದರಿಂದ ಅಂಗಳದ ತುಂಬ ಹೊಗೆ. ನಾವು ಕಿರುಚಿ, ಓಡಿ, ಬಿದ್ದು ಸತ್ತೆವು. ಚಪ್ಪರದ ಹಗ್ಗ ಕತ್ತರಿಸಿದರು. ಬೂದು ಟರ್ಪಾಲು ಭಟ್ಟರ ಮೇಲೆ ಕುಸಿಯಿತು. ಅದರಡಿಯಿಂದ ಅವರು ಮಗಳನ್ನು ಹುಡುಕುತ್ತ ಹೊರಬರಬೇಕಿತ್ತು. ದಾರಿ ಸಿಗದೆ ಅವರು ನಡುಗಂಬವನ್ನು ಅಪ್ಪಿಕೊಂಡು, ಟರ್ಪಾಲನ್ನು ಹೊತ್ತುಕೊಂಡೇ ತಡಕಾಡತೊಡಗಿದರು. ಹೊಗೆಯೊಳಗೆ ದೊಡ್ಡದೊಂದು ಬೂದು ಬೆನ್ನು ಅಲುಗಾಡಿತು.

ಆಗ ನಾಲ್ಕನೆಯ ಸದ್ದು. ಅದು ಗರ್ನಾಲ್ ಅಲ್ಲ. ನಮ್ಮ ಮನೆಯ ಜೋಡುನಳಿಗೆ ಕೋವಿಯದ್ದು. ಮದುವೆಯಾಗಿ ಬಂದಂದಿನಿಂದ ಕೇಳುತ್ತಿದ್ದೇನೆ. ಟರ್ಪಾಲು ಒಮ್ಮೆ ನೆಟ್ಟಗೆ ಎದ್ದು ಧೊಪ್ಪನೆ ಬಿತ್ತು. ಒಳಗೆ ಕಾಲುಗಳು ನೆಲಕ್ಕೆ ಬಡಿದುಕೊಂಡವು. "ಸೂಪರ್ ಭಟ್ರೇ," ಎಂದ ಶ್ರೀಶ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಸತ್ತವರು ಯಾರೂ ಮಿಸುಕಲಿಲ್ಲ. ನೆನೆಸಿದರೆ ಈಗಲೂ ಮೈ ಉರಿಯುತ್ತದೆ.

ಗರ್ನಾಲ್ ಕೇಳಿದಾಗ ಇವರು ಗುಂಡ್ಯದಿಂದ ಬಂದು ಆಗಷ್ಟೇ ಜಗಲಿ ಹತ್ತಿದ್ದರಂತೆ. ಕೋವಿ ಹಿಡಿದು ಓಡಿ, ಬೇಲಿಯ ಆಚೆಯಿಂದಲೇ ಹೊಡೆದರಂತೆ. ಹೊಗೆ ಸೀಳಿಕೊಂಡು ಅಂಗಳಕ್ಕೆ ಬಂದವರಿಗೆ ಆನೆ ಕಾಣಲಿಲ್ಲ. ಊರಿನವರೆಲ್ಲ ರಕ್ತದಲ್ಲಿ ಬಿದ್ದಿದ್ದರು, ಅವರ ನಡುವೆ ನಾನು. ಕೋವಿ ಹಿಡಿದು ನಿಂತವರು ತಾವೊಬ್ಬರೇ.

"ಸೇವಂತೀ," ಎಂದು ಒಮ್ಮೆ ಕರೆದರು. ಭಟ್ಟರ ಮನೆಯ ಸೂರಿನಡಿ ಕುಕ್ಕರಿಸಿ ಕೂತು ನಳಿಗೆಯನ್ನು ಗದ್ದಕ್ಕೆ ಒತ್ತಿಕೊಂಡರು. ಸಿಡಿಯದ ಇನ್ನೊಂದು ತೋಟೆ ಒಳಗೇ ಇತ್ತು.

ಶ್ರೀಶ ಕಟ್ ಹೇಳಿರಲಿಲ್ಲ. ನಾನು ಎದ್ದೆ. ಹಾರಿ ಬಿದ್ದು ಅವರ ಕೈಗೆ ಮೂಳೆ ಸಿಗುವ ತನಕ ಹಲ್ಲು ಊರಿದೆ. ಕೋವಿ ಓರೆಯಾಗಿ ಸಿಡಿದು, ಮಾಡಿನ ಹೆಂಚು ಪುಡಿಯಾಗಿ ನಮ್ಮ ತಲೆಯ ಮೇಲೆ ಸುರಿಯಿತು. ಅದೇ ಕೋವಿಯನ್ನು ಕಿತ್ತುಕೊಂಡು ಅದರ ಹಿಡಿಯಿಂದ ಅವರ ಭುಜಕ್ಕೆ ಬಡಿದೆ. "ಸಾಯ್ತೀರಾ? ನನ್ನ ಬಿಟ್ಟು ಸಾಯ್ತೀರಾ?" ಎಂದು ಕೇಳುತ್ತ ಮತ್ತೆ ಮತ್ತೆ ಬಡಿದೆ. ಆಮೇಲೆ ಅಂಗಳದ ಕಡೆ ತಿರುಗಿ, "ಏಳಿ ಮಾರಾಯ್ರೆ, ಎಲ್ಲ ಏಳಿ," ಎಂದೆ.

ಹೆಣಗಳು ಒಂದೊಂದಾಗಿ ಎದ್ದವು. ಇವರು ನಾನು ಕಚ್ಚಿದ ಕೈಯಿಂದಲೇ ಒಬ್ಬೊಬ್ಬರ ಮುಖ ಮುಟ್ಟಿ ನೋಡಿದರು. ಭವಿತಾ. ಮೋಕ್ಷಿತ್. ಅಬ್ದುಲ್ಲ. ಬೆರಳಿಗೆ ಬೆಲ್ಲ ಅಂಟುತ್ತಿತ್ತು. ಕೊನೆಗೆ ಸುತ್ತ ನೋಡಿ ಕೇಳಿದರು, "ಭಟ್ರೆಲ್ಲಿ?"

ವಾಸಂತಿಯಕ್ಕ ಟರ್ಪಾಲು ಎತ್ತಿದರು. ಭಟ್ಟರ ಎದೆ ಒಡೆದಿತ್ತು. ಬೆಲ್ಲದ ರಕ್ತ ಹಚ್ಚಿದ್ದು ಕೆನ್ನೆಗೆ ಮಾತ್ರ, ಉಳಿದದ್ದೆಲ್ಲ ಅವರದ್ದೇ. ಅಕ್ಕ ಎರಡೂ ಕೈಯಿಂದ ಗಾಯವನ್ನು ಒತ್ತಿ ಹಿಡಿದರು. ಬೆರಳ ಸಂದಿನಿಂದ ಬಿಸಿಬಿಸಿ ಉಕ್ಕಿ ಬಂತು. ಗಂಟಲಲ್ಲಿ ಒಮ್ಮೆ ಗೊರಗೊರ ಎಂದಿತು. ಸ್ವಲ್ಪ ಹೊತ್ತಿಗೆ ಎಲ್ಲ ನಿಂತಿತು.

"ಇಷ್ಟು ಜನ ಇದ್ರಲ್ಲ ಬೆಳ್ಯಪ್ಪ," ಎಂದರು ಅಕ್ಕ. "ನಿಂಗೆ ಸಿಕ್ಕಿದ್ದು ಇವರೇ?"

"ಆನೆ ಅಂತ..." ಎಂದರು ಇವರು. ಎದ್ದು ನಿಂತವರಲ್ಲಿ ಒಬ್ಬರೂ ಇವರ ಮುಖ ನೋಡಲಿಲ್ಲ. ದಾರಿ ತಕರಾರು ಎಲ್ಲರಿಗೂ ಗೊತ್ತಿತ್ತು.

ನಾನು ಅಕ್ಕನ ಪಕ್ಕ ಮೊಣಕಾಲೂರಿದೆ. "ಅಕ್ಕಾ, ಭಟ್ರೇ ಹೇಳಿದ್ರಲ್ಲ, ದೂರದಿಂದ ನೋಡಿದವನಿಗೆ ಎಂತ ಗೊತ್ತಾಗ್ತದೆ ಅಂತ."

ಅಕ್ಕ ಗಂಡನ ಕೆನ್ನೆಗೆ ಹತ್ತಿದ್ದ ಇರುವೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು.

"ಅದು ಸಿನೆಮಾದ ವಿಮಾನದವನಿಗೆ ಹೇಳಿದ್ದು, ಸೇವಂತಿ."