ಹಾಲಿನಪುಡಿ ಡಬ್ಬಿಯ ಬಂಡಿ

ಕೊಡಿಗೇನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ದಾಸಮ್ಮ, ೧೯೮೬ರ ಬೇಸಿಗೆಯಲ್ಲಿ ಬೆಂಗಳೂರಿಗೆ ತರಬೇತಿಗೆ ಹೋದಾಗ, ಕಂಪ್ಯೂಟರು ಹೇಳಿದಂತೆ ನೆಲದ ಮೇಲೆ ಓಡಾಡುವ ಪುಟ್ಟ ರೋಬಾಟ್ ನೋಡಿ ಬಂದಿದ್ದಳು. ಅದು ಅವಳ ತಲೆಯಿಂದ ಇಳಿಯಲೇ ಇಲ್ಲ. ತಮ್ಮ ಶಾಲೆಗೆ ಕಂಪ್ಯೂಟರು ಬರುವ ಸೂಚನೆ ಇರಲಿಲ್ಲ. ಕೊನೆಗೆ ಒಂಬತ್ತನೇ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು ತಾನೇ ಒಂದು ಬಂಡಿ ಮಾಡಲು ಹೊರಟಳು.

ಕೆಟ್ಟ ಟೇಪ್‌ರೆಕಾರ್ಡರುಗಳಿಂದ ಬಿಚ್ಚಿದ ಎರಡು ಮೋಟಾರು ಎಡಬಲದ ಚಕ್ರಗಳಿಗೆ ಒಂದೊಂದರಂತೆ ಬಂದವು. ಇನ್ನೊಂದು ಮೋಟಾರು ಬಂಡಿಯ ಮೇಲೆ ಹಾಲಿನಪುಡಿ ಡಬ್ಬಿಯನ್ನು ನಿಧಾನವಾಗಿ ತಿರುಗಿಸುತ್ತಿತ್ತು. ಚಕ್ರಕ್ಕೊಂದರಂತೆ ಎರಡು ತಂತಿ ಡಬ್ಬಿಗೆ ಉಜ್ಜಿಕೊಂಡಿದ್ದವು. ತಂತಿ ಡಬ್ಬಿಯ ತಗಡಿಗೆ ತಾಗಿದರೆ ಕರೆಂಟು ಹರಿದು ಆ ಚಕ್ರ ಉರುಳುವುದು, ಕಾಗದ ಅಂಟಿಸಿದ ಕಡೆ ನಿಲ್ಲುವುದು. ಎಲ್ಲಿ ಅಂಟಿಸಬೇಕೆಂದು ಮೊದಲೇ ಯೋಚಿಸುವುದೇ ಪಾಠ.

“ಬಂಡಿಗೆ ಬುದ್ಧಿ ಇಲ್ಲ. ನೀವು ಏನು ಅಂಟಿಸ್ತೀರೋ ಅಷ್ಟೇ ಮಾಡುತ್ತೆ” ಎಂದಿದ್ದಳು ದಾಸಮ್ಮ.

ಶಿಕ್ಷಣಾಧಿಕಾರಿಗಳು ಬಂದ ದಿನ ಬಂಡಿ ಬಾಗಿಲಿನಿಂದ ಹೊರಟು ಎಡಕ್ಕೆ ತಿರುಗಿ ಕಪ್ಪುಹಲಗೆ ಮುಟ್ಟಬೇಕಿತ್ತು. ಅದು ಬಲಕ್ಕೆ ತಿರುಗಿ ಅವರ ಕುರ್ಚಿಗೇ ಹೋಗಿ ಗುದ್ದಿತು. ಹಿಂದಿನ ಬೆಂಚಿನವರು ನಕ್ಕರು. ಹೆಡ್‌ಮಾಸ್ಟರು ಚಂದ್ರಶೇಖರಯ್ಯನವರ ಮುಖ ಬಿಗಿಯಾಯಿತು. ತಪ್ಪು ಎಲ್ಲಿದೆಯೆಂದು ದಾಸಮ್ಮನಿಗೆ ಆಗಲೇ ಕಂಡಿತ್ತು. ಡಬ್ಬಿಗೆ ಕೈ ಹಾಕಿದಳು.

ಕಾಗದ ಅಂಟಿಸಿದ್ದ ಗಿರಿಯಮ್ಮ ಅಡ್ಡ ಬಂದಳು. “ಮುಟ್‌ಬ್ಯಾಡಿ ಮೇಡಂ, ನಾವೇ ಕಂಡಿಡಿತೀವಿ.”

ದಾಸಮ್ಮ ಕೈ ಹಿಂದೆಳೆದುಕೊಂಡಳು. ಅಧಿಕಾರಿಗಳು ಗಡಿಯಾರ ನೋಡಿಕೊಂಡರು.

ಗಿರಿಯಮ್ಮ ಬಾಗಿಲ ಹತ್ತಿರ ತಾನೇ ಬಂಡಿಯಂತೆ ನಿಂತಳು. “ಲೇ ಓಬಯ್ಯ, ಡಬ್ಬೀಲಿ ಇರೋದನ್ನ ಇರೋ ಹಂಗೇ ಓದ್ಲಾ.”

“ಎರಡು ಕಾಲೂ ನಡಿ... ನಡಿ... ಈಗ ಬಲಗಾಲು ನಿಲ್ಸು, ಎಡಗಾಲು ನಡಿ” ಎಂದ ಸಹಪಾಠಿ ಓಬಯ್ಯ, ಡಬ್ಬಿಯ ಮೇಲಿನ ಕಾಗದ ನೋಡುತ್ತ.

ಬಲಗಾಲು ಊರಿ ಎಡಗಾಲು ಎತ್ತಿಡುತ್ತ ಅವಳು ಬಲಕ್ಕೇ ತಿರುಗಿದಳು.

“ಅಯ್ಯೋ! ಎಡಕ್ಕೆ ತಿರುಗ್ಬೇಕಾದ್ರೆ ಎಡಗಾಲು ನಿಲ್ಬೇಕು ಕಣ್ಲಾ! ನಾವು ಅದ್ನೇ ಓಡಿಸ್ಬುಟ್ಟಿದೀವಿ!”

ಅಷ್ಟರಲ್ಲಿ ಅಧಿಕಾರಿಗಳು ಎದ್ದಿದ್ದರು. ಹಿಂದೂಪುರದಿಂದ ಬರುವ ಬಸ್ಸಿಗೆ ಹೊತ್ತಾಗಿತ್ತು. ಅವರನ್ನು ಗೇಟಿನವರೆಗೆ ಕಳಿಸಿ ಬಂದ ಚಂದ್ರಶೇಖರಯ್ಯ, “ನೀವೇ ಸರಿ ಮಾಡಿದ್ರೆ ನೋಡ್ಕೊಂಡು ಹೋಗ್ತಿದ್ರು, ದಾಸಮ್ಮನೋರೇ” ಎಂದರು.

“ಹೌದು ಸಾರ್” ಎಂದಳು ಬಾಗಿಲ ಹೊರಗೆ ನಿಂತಿದ್ದ ದಾಸಮ್ಮ. ಅವಳಿಗೂ ಬೇಜಾರಾಗಿತ್ತು. ಆದರೂ ಕೋಣೆಯೊಳಗಿನ ಗಲಾಟೆ ಕೇಳಿ ಅಲ್ಲಿ ನಿಲ್ಲಲಾಗದೆ ಒಳಗೆ ಹೋದಳು.

ಮಕ್ಕಳು ಕಾಗದ ಕಿತ್ತು ಎಡಚಕ್ರದ ತಂತಿಯ ಕಡೆಗೆ ಅಂಟಿಸಿದ್ದರು. ಬಂಡಿ ಗೊರಗುಟ್ಟುತ್ತ ಹೊರಟಿತು, ಎಡಕ್ಕೆ ತಿರುಗಿತು, ಹಲಗೆಯ ಕೆಳಗಿನ ಗೋಡೆಗೆ ಮೂತಿ ತಾಗಿಸಿತು. ತರಗತಿಯೇ ಕೂಗಿಕೊಂಡಿತು. ದಾಸಮ್ಮನೂ ಚಪ್ಪಾಳೆ ಹೊಡೆದಳು.

“ವಾಪಸ್ ಹೆಂಗೆ ಬರೋದು ಮೇಡಂ? ಇದಕ್ಕೆ ಹಿಂದಕ್ಕೆ ಹೋಗಾಕೆ ಬರಾಕಿಲ್ವಲ್ಲ” ಎಂದ ಓಬಯ್ಯ.

ದಾಸಮ್ಮ ಬಾಯಿ ತೆರೆಯುವ ಮೊದಲೇ ಗಿರಿಯಮ್ಮ ಗೋಡೆಯ ಪಕ್ಕ ನಿಂತು, ಒಂದು ಕಾಲು ಊರಿ, ಮೆಲ್ಲಗೆ ಬಾಗಿಲ ಕಡೆಗೆ ಸುತ್ತಲು ಶುರುಮಾಡಿದ್ದಳು.