ಹೊಟ್ಟೆಯ ಫೋಟೋ ಕಳಿಸಿ

ಮೊಬೈಲಿನ ಆ ಗುಂಪಿನಲ್ಲಿ ಅವಳಿಗೆ ಹೊಟ್ಟೆಯಕ್ಕ ಎಂದೇ ಹೆಸರು. ದಕ್ಷಿಣ ಅಮೆರಿಕದ ನದಿಗಳಿಂದ ಮನೆಮನೆಯ ಗಾಜಿನ ತೊಟ್ಟಿಗೆ ಬಂದು, ಬಾಯಿಂದ ಗಾಜು ಕಚ್ಚಿಕೊಂಡು ಕೂರುವ ಸಕ್ಕರ್ ಮೀನುಗಳನ್ನು ಸಾಕುವವರ ಗುಂಪು ಅದು. ಯಾರಾದರೂ ಫೋಟೋ ಹಾಕಿ 'ಇದು ಯಾವ ಜಾತಿ' ಎಂದರೆ ಸಾಕು, 'ಹೊಟ್ಟೆ ಫೋಟೋ ಕಳಿಸಿ' ಎನ್ನುತ್ತಿದ್ದಳು. ಬರೀ ಬೆನ್ನು ನೋಡಿ ಜಾತಿ ಹೇಳುವ ಪಂಡಿತರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆನ್ನ ಮೇಲಿನ ಪಟ್ಟೆ ಹತ್ತು ಜಾತಿಗಿರುತ್ತದೆ. ಹೊಟ್ಟೆಯ ಕಡೆಗಿರುವ ಬಾಯಿ, ಹಲ್ಲು ನೋಡದೆ ಬಾಯಿಬಿಡಬಾರದು. ಹೊಟ್ಟೆಪಾಡಿಗೆ ಅವಳು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದಳು. ಹೊರಗಿನಿಂದ ಕಂಡದ್ದನ್ನು ನಂಬದಿರುವುದು ಅಲ್ಲಿಂದ ಅಂಟಿದ ಚಾಳಿ.

ಆ ದಿನ ಬೆಳಗ್ಗೆ ಗುಂಪಿಗೆ ಹೊಸಬರೊಬ್ಬರು ಬಂದರು. ಹೆಸರಿನ ಜಾಗದಲ್ಲಿ 'ಪಟ್ಟೆರಾಯ' ಎಂದು ಮೀನಿನದೇ ಹೆಸರು. 'ಏನು ಹಾಕಿದ್ರೂ ತಿಂತಿಲ್ಲ. ಯಾವ ಜಾತಿ ಅಂತ ಗೊತ್ತಾದ್ರೆ ಏನು ಕೊಡ್ಬೇಕು ಅಂತ ತಿಳಿಯುತ್ತೆ. ದಯವಿಟ್ಟು ಹೇಳಿ.'

ಹೊಟ್ಟೆಯಕ್ಕ ಯಥಾಪ್ರಕಾರ ಹೊಟ್ಟೆ ಕೇಳಿದಳು. ಒದ್ದೆ ಅಂಗೈ ಮೇಲೆ ಮೀನನ್ನು ಅಂಗಾತ ಮಲಗಿಸಿದ ಫೋಟೋ ಬಂತು. ಬಾಯಲ್ಲಿ ಪುಟ್ಟ ಚಮಚದಂಥ ನಾಲ್ಕಾರು ಹಲ್ಲು. ಪನಾಕ್, ಮರ ಕೆರೆದು ತಿನ್ನುವ ಜಾತಿ. ತೊಟ್ಟಿಯಲ್ಲಿ ಮರದ ಚೂರಿಲ್ಲದೆ, ಪಾಪ, ಅದರ ಹೊಟ್ಟೆ ಒಳಕ್ಕೆ ಹೋಗಿತ್ತು. ಉತ್ತರ ಬರೆಯಲು ಹೋದವಳ ಬೆರಳು ಅಲ್ಲೇ ನಿಂತಿತು.

ಮೀನು ಹಿಡಿದ ಕೈಯ ಕಿರುಬೆರಳು ಸೊಟ್ಟಗಿತ್ತು. ಬಾಗಿಲ ಸಂದಿಗೆ ಸಿಕ್ಕಿ ಮುರಿದ ಬೆರಳು. ಅದರ ಎಕ್ಸ್-ರೇ ತೆಗೆದವಳು ಇವಳೇ. ಅಮ್ಮನ ಕೈ! ಮಣಿಕಟ್ಟಿನಲ್ಲಿ ಆಸ್ಪತ್ರೆಯವರು ರೋಗಿಗಳಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ.

ಅಂದರೆ ಕೇಳುತ್ತಿರುವವಳು ಹಳೇ ಮನೆಯಲ್ಲಿ ಅಮ್ಮನ ಜೊತೆಗಿರುವ ತಂಗಿ. ಅಪ್ಪ ಹೋದ ಮೇಲೆ ಅಮ್ಮ ಯಾರ ಜೊತೆ ಇರಬೇಕು ಎಂದು ಶುರುವಾದದ್ದು ಮಾತಿಗೆ ಮಾತು ಬೆಳೆದು, ಇಬ್ಬರೂ ಮುಖ ತಿರುಗಿಸಿ ವರ್ಷಗಳಾಗಿದ್ದವು. ನಂಬರೂ ಅಳಿಸಿಕೊಂಡಿದ್ದರು. ಅಮ್ಮ ಯಾವಾಗ ಆಸ್ಪತ್ರೆ ಸೇರಿದಳು, ಯಾವಾಗ ಮನೆಗೆ ಬಂದಳು? ಏನಾಗಿದೆ? ಕೇಳೋಣವೆಂದರೆ, ಅಕ್ಕನೆಂದು ಗೊತ್ತಾದ ಕೂಡಲೇ ಆ ಕಡೆ ಬಾಗಿಲು ಹಾಕಿಕೊಂಡರೆ? ಜಾತಿ ಹೇಳಿಬಿಟ್ಟರೆ ಕೆಲಸ ಮುಗಿಯಿತು, ಫೋಟೋ ನಿಂತಿತು.

ಆದ್ದರಿಂದ ಅವಳು ಬರೆದಳು: 'ಸರಿಯಾಗಿ ಕಾಣ್ತಿಲ್ಲ. ಕೈ ಪೂರ್ತಿ ಬರೋ ಹಾಗೆ ಇನ್ನೊಂದು ತೆಗೀರಿ.'

ಗುಂಪಿನಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ಹೊರಗೆ ಎದೆಯ ಎಕ್ಸ್-ರೇಗೆ ಬಂದವರ ಸಾಲು. ಒಬ್ಬ ಮುದುಕರನ್ನು ನಿಲ್ಲಿಸಿ, "ಉಸಿರು ಎಳೆದು ಹಿಡ್ಕೊಳ್ಳಿ" ಎಂದಳು. ಗುಂಡಿ ಒತ್ತಿದಳು. ಆಮೇಲೆ ಕಣ್ಣು ಮೊಬೈಲಿಗೆ ಹೋಯಿತು.

"ಬಿಡ್ಲಾ ತಾಯಿ, ಇಲ್ಲೇ ಸಾಯ್ಲಾ?" ಎಂದು ಮುದುಕರೇ ಕೇಳಬೇಕಾಯಿತು.

"ಅಯ್ಯೋ, ಬಿಡಿ, ಬಿಡಿ!" ಎಂದಳು. ನಾಚಿಕೆಯಿಂದ ಸತ್ತಂತಾಯಿತು. ಆದರೂ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಫೋಟೋ ಬಂತು. ಈಗ ಮೊಣಕೈವರೆಗೂ ಕಾಣುತ್ತಿತ್ತು. ಕೈ ಕಡ್ಡಿಯಾಗಿತ್ತು, ಸೂಜಿ ಚುಚ್ಚಿದ ಕಡೆಯೆಲ್ಲ ನೀಲಿ. ಪಟ್ಟಿಯ ಮೇಲಿನ ಅಕ್ಷರ ಮಾತ್ರ ಓದಲಾಗಲಿಲ್ಲ. 'ಇನ್ನೊಂದು. ಬೆನ್ನಿನ ರೆಕ್ಕೆ ಬಿಡಿಸಿ, ಹತ್ತಿರದಿಂದ,' ಎಂದು ಬರೆದಳು.

ಮೂರನೆಯದು ಮಸುಕಾಗಿತ್ತು. ಅಮ್ಮನ ಕೈ ನಡುಗಿರಬೇಕು. ಮೀನು ರೆಕ್ಕೆಯನ್ನೆಲ್ಲ ಮುದುಡಿಕೊಂಡು ಬಿಳಿಚಿಕೊಂಡಿತ್ತು. ಕೆಳಗೆ ತಂಗಿ ಬರೆದಿದ್ದಳು: 'ಪದೇ ಪದೇ ನೀರಿಂದ ತೆಗೆದು ಸುಸ್ತಾಗಿದೆ ಅನ್ಸುತ್ತೆ. ನಮ್ಮಮ್ಮ ಅಳ್ತಿದಾರೆ. ಅವರಿಗೆ ಹುಷಾರಿಲ್ಲ, ದಿನವಿಡೀ ಇದನ್ನೇ ನೋಡ್ಕೊಂಡು ಕೂತಿರ್ತಾರೆ. ಬದುಕುತ್ತಾ, ಮೇಡಂ?'

'ಥೂ ನಿನ್ನ ಜನ್ಮಕ್ಕೆ' ಎಂದು ಅವಳು ತನಗೇ ಬೈದುಕೊಂಡಳು. ಬೆಳಗ್ಗೆಯೇ ಗೊತ್ತಿದ್ದ ಉತ್ತರ. ಅಮ್ಮನನ್ನು ನೋಡುವ ಆಸೆಗೆ ಅಮ್ಮನ ಜೀವವನ್ನೇ ಹಿಂಡುತ್ತಿದ್ದಳು.

'ನೀರಿಗೆ ಬಿಡಿ, ಇನ್ನು ಮುಟ್ಟಬೇಡಿ,' ಎಂದು ಬರೆದಳು. 'ಪನಾಕ್ ಇದು. ಮರ ಕೆರೆದು ತಿನ್ನುತ್ತೆ. ಬದುಕುತ್ತೆ. ನನ್ನ ತೊಟ್ಟೀಲಿ ನೆನೆದ ಮರದ ತುಂಡಿದೆ. ಡ್ಯೂಟಿ ಮುಗಿಸಿ ಮಧ್ಯಾಹ್ನವೇ ತರ್ತೀನಿ.'

'ಅಯ್ಯೋ, ನಿಮಗ್ಯಾಕೆ ತೊಂದರೆ? ನಮ್ಮನೆ ಎಲ್ಲಿದೆ ಅಂತಾನೂ ನಿಮಗೆ ಗೊತ್ತಿಲ್ಲ.'

'ಗೊತ್ತು,' ಎಂದು ಬರೆದಳು. 'ಅಮ್ಮನ ಕಿರುಬೆರಳು ಮುರಿದ ಬಾಗಿಲಿರೋ ಮನೆ.'

ಆ ಕಡೆ ಬರೆಯುತ್ತಿದ್ದಾರೆ ಎಂದು ತೋರಿಸಿತು, ಮರೆಯಾಯಿತು, ಮತ್ತೆ ತೋರಿಸಿತು. ಒಬ್ಬ ಹುಡುಗಿಯ ಮೊಣಕಾಲಿನ ಎಕ್ಸ್-ರೇ ಆಯಿತು, ಇನ್ನೊಬ್ಬರ ಭುಜದ್ದೂ ಆಯಿತು. ಏಪ್ರನ್ ಬಿಚ್ಚಿ ಮೊಳೆಗೆ ಹಾಕುವಾಗ ಮೊಬೈಲು ಗುರ್ ಎಂದಿತು.

'ಆ ಬಾಗಿಲು ತೆಗೆದಿಟ್ಟಿರ್ತೀನಿ. ಬೆಲ್ ಒತ್ತಬೇಡ, ಅಮ್ಮ ಈಗಷ್ಟೇ ಮಲಗಿದಾಳೆ.'